ಒಂದೇ ಜಾಗ, ಇಬ್ಬರು ಹುಡುಗರು

ಈಗಷ್ಟೇ ಬಾಗಿಲ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು. "ಮಗಳು ಅಮೆರಿಕದಲ್ಲಿ ಎಂ.ಎಸ್. ಓದ್ತಿದ್ದಾಳೆ. ಶನಿವಾರ ಫೋನ್ ಮಾಡಿದ್ರೆ ಬರೀ ಗದ್ದಲ. ಅದೇನು ಕಾಲೇಜೋ ಜಾತ್ರೆಯೋ?" ಜಾತ್ರೆಯೇ ಅಮ್ಮಾ, ಅನುಮಾನ ಬೇಡ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯಲ್ಲಿ ಹಿಡಿಸುವ ಜನರ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಷ್ಟು ಜನ ನೋಡೋಕೆ ಬರುವುದು ಯಾರನ್ನು? ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಹುಡುಗರನ್ನು.

ಇವತ್ತು ನಾನು ಅಮೆರಿಕನ್ ಫುಟ್‌ಬಾಲ್ ಎಂಬ ಆ ಆಟವನ್ನು ಪೂರ್ತಿ ಕಲಿಸೋಕೆ ಹೋಗುವುದಿಲ್ಲ. ಅದರ ನಿಯಮ ಹೇಳುತ್ತಾ ಕೂತರೆ ಕಾಫಿ ಆರಿಹೋಗುತ್ತದೆ. ಒಂದೇ ವಿಷಯ ಹಿಡಿಯುತ್ತೇನೆ. ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಕೈಗೆ ತಗೊಂಡು ಆಟ ನಡೆಸುವವನು) ಯಾರಾಗಬೇಕು ಅಂತ ಹೆಡ್ ಕೋಚ್ ತೀರ್ಮಾನ ಮಾಡುತ್ತಾರಲ್ಲ, ಆ ಅಧಿಕಾರದ ಕಥೆ.

2018ರ ಜನವರಿ 8. ಊರು ಅಟ್ಲಾಂಟಾ. ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್, ಅಲಬಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ನಡುವೆ. ಅರ್ಧ ಆಟ ಮುಗಿದಾಗ ಸ್ಕೋರು ಜಾರ್ಜಿಯಾ 13, ಅಲಬಾಮಾ ಸೊನ್ನೆ. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಹೆಸರು ಜೇಲನ್ ಹರ್ಟ್ಸ್. ಅವತ್ತಿನವರೆಗೆ ಅವನು ಶುರುವಿನಿಂದ ಆಡಿದ್ದ 27 ಪಂದ್ಯಗಳಲ್ಲಿ ತಂಡ ಸೋತದ್ದು ಎರಡೇ ಎರಡು. ಆದರೆ ಆ ರಾತ್ರಿ ಮೊದಲರ್ಧದಲ್ಲಿ ಅವನು ಎಸೆದ ಎಂಟು ಪಾಸುಗಳಲ್ಲಿ ಮೂರು ಮಾತ್ರ ಕೈಸೇರಿದ್ದವು. ಒಟ್ಟು 21 ಗಜ. ಕೋಚ್ ನಿಕ್ ಸೇಬನ್ ಅವರಿಗೆ ಆಗ 66 ವರ್ಷ. ವಿರಾಮದ ಕೋಣೆಯಲ್ಲಿ ಅವರು ಹರ್ಟ್ಸ್‌ನನ್ನು ಕೂರಿಸಿ, ಟುವಾ ಟಂಗೊವೈಲೋವಾ ಎಂಬ ಮೊದಲ ವರ್ಷದ ಹುಡುಗನನ್ನು ಇಳಿಸುವುದು ಅಂತ ತೀರ್ಮಾನಿಸಿದರು. ಟುವಾ ಹವಾಯಿಯವನು, ಎಡಗೈಯವನು. ಒಂದು ದೊಡ್ಡ ಪಂದ್ಯವನ್ನೂ ಶುರುವಿನಿಂದ ಆಡಿದವನಲ್ಲ. ಅವತ್ತು ಇಬ್ಬರಿಗೂ ಹತ್ತೊಂಬತ್ತು ವರ್ಷ. ಸೀನಿಯರ್ ಅನ್ನಿಸಿಕೊಂಡ ಹರ್ಟ್ಸ್‌ಗೇ ಐದು ತಿಂಗಳು ಕಡಿಮೆ!

ಆ ಕಥೆ ಅಲ್ಲಿಗೇ ಬಿಟ್ಟಿರೋಣ. ಮತ್ತೆ ಬರುತ್ತೇನೆ.

ಈ ಆಟ ನೋಡಿಯೇ ಇಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಎಸೆಯಬಹುದು, ಇನ್ನೊಬ್ಬನಿಗೆ ಕೊಡಬಹುದು, ತಾನೇ ಓಡಬಹುದು. ತೀರ್ಮಾನಕ್ಕೆ ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ನೂರು ನೂರಿಪ್ಪತ್ತು ಕಿಲೋ ತೂಗುವವರು ಅವನನ್ನು ಕೆಡವೋಕೆ ನುಗ್ಗುತ್ತಿರುತ್ತಾರೆ.

ಉಳಿದ ಜಾಗಗಳಲ್ಲಿ ಆಟಗಾರರನ್ನು ಬದಲಾಯಿಸುತ್ತಾ ಇರುತ್ತಾರೆ. ಓಡುವವನು ದಣಿದರೆ ಇನ್ನೊಬ್ಬ ಬರುತ್ತಾನೆ. ಕ್ವಾರ್ಟರ್‌ಬ್ಯಾಕ್ ಜಾಗ ಹಾಗಲ್ಲ, ಅದು ಒಬ್ಬನದೇ. ಎರಡನೆಯವನು ಎಷ್ಟೇ ಒಳ್ಳೆಯವನಾಗಿರಲಿ, ಟೋಪಿ ಹಾಕಿಕೊಂಡು ಗೆರೆಯಾಚೆ ನಿಂತಿರಬೇಕು. ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ.

ಅವನು ನಿಲ್ಲಬೇಕೋ ಆಡಬೇಕೋ ಅಂತ ಹೇಳುವವರು ಹೆಡ್ ಕೋಚ್. ನಮ್ಮ ಕ್ರಿಕೆಟ್ಟಿನಲ್ಲಿ ಆಯ್ಕೆ ಸಮಿತಿ ಇದೆ, ಕ್ಯಾಪ್ಟನ್ ಇದ್ದಾನೆ, ಕೋಚ್ ಇದ್ದಾರೆ. ಬೈಯಬೇಕಾದರೆ ಮೂವರಿಗೂ ಹಂಚಿ ಬೈಯಬಹುದು. ಕಾಲೇಜು ಫುಟ್‌ಬಾಲಿನಲ್ಲಿ ಸಮಿತಿ ಇಲ್ಲ. ಸಹಾಯಕ ಕೋಚ್‌ಗಳು ಅಭಿಪ್ರಾಯ ಹೇಳುತ್ತಾರೆ, ಅಷ್ಟೇ. ವಿಶ್ವವಿದ್ಯಾಲಯದ ಅಧ್ಯಕ್ಷರಾಗಲಿ, ಕ್ರೀಡಾ ವಿಭಾಗದ ನಿರ್ದೇಶಕರಾಗಲಿ ಕೋಚನ್ನು ಮನೆಗೆ ಕಳಿಸಬಹುದು. ಆದರೆ ಶನಿವಾರ ಯಾರನ್ನು ಆಡಿಸಬೇಕು ಅಂತ ಹೇಳುವ ಪದ್ಧತಿ ಇಲ್ಲ. ಆ ಕೆಲಸಕ್ಕೆ ಕೋಚ್‌ಗೆ ಸಿಗುವ ಸಂಬಳ ದೊಡ್ಡ ತಂಡಗಳಲ್ಲಿ ವರ್ಷಕ್ಕೆ ಹಲವು ಮಿಲಿಯನ್ ಡಾಲರ್. ಸಂಬಳದ ಜೊತೆ ಬೈಗುಳವೂ ಪೂರ್ತಿ ಅವರದೇ.

ಒಂದು ಅಡ್ಡ ಮಾತು. 2004ರಲ್ಲಿ ಮುಲ್ತಾನ್ ಟೆಸ್ಟ್ ನೆನಪಿದೆಯಲ್ಲ? ಗಂಗೂಲಿ ಗಾಯಗೊಂಡಿದ್ದರು, ನಮ್ಮ ದ್ರಾವಿಡ್ ಕ್ಯಾಪ್ಟನ್. ಸಚಿನ್ 194ರಲ್ಲಿ ಆಡುತ್ತಿದ್ದಾಗ ಡಿಕ್ಲೇರ್ ಮಾಡಿದರು. ಭಾರತ ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಗೆದ್ದರೂ ಅವತ್ತು ನಮ್ಮ ಮನೆಯಲ್ಲಿ ಜಗಳ. ನಮ್ಮ ತಂದೆ ದ್ರಾವಿಡ್ ಕಡೆ, ಚಿಕ್ಕಪ್ಪ ಸಚಿನ್ ಕಡೆ, ಊಟ ತಣ್ಣಗಾಗಿತ್ತು. ಅಂಥ ತೀರ್ಮಾನ ದ್ರಾವಿಡ್‌ಗೆ ಬಂದದ್ದು ಯಾವಾಗಲೋ ಒಮ್ಮೆ. ಅಲ್ಲಿನ ಕೋಚ್‌ಗೆ ಆಗಸ್ಟ್ ಬಂತೆಂದರೆ ಅದೇ ಪಾಡು.

ಅಧಿಕಾರ ಒಬ್ಬರದೇ ಅಂದೆ. ಹಾಗಂತ ಅವರು ಒಬ್ಬರೇ ಕೂತು ನಿಶ್ಚಿಂತೆಯಾಗಿ ಯೋಚಿಸುತ್ತಾರೆ ಅಂದುಕೊಳ್ಳಬೇಡಿ. ಮೊದಲನೆಯದಾಗಿ ಸ್ಟೇಡಿಯಂ ಸುಮ್ನಿರುವುದಿಲ್ಲ.

1975ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಡಾನ್ ಜೇಮ್ಸ್ ಎಂಬ ಹೊಸ ಕೋಚ್ ಬಂದರು. ವಾರನ್ ಮೂನ್ ಎಂಬ ಕಪ್ಪು ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಆಗಿನ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಕಪ್ಪು ಹುಡುಗ ಎಷ್ಟೇ ಚೆನ್ನಾಗಿ ಎಸೆಯಲಿ, "ನೀನು ವೇಗವಾಗಿ ಓಡ್ತೀಯ" ಅಂತ ಹೊಗಳಿ ಬೇರೆ ಜಾಗಕ್ಕೆ ತಳ್ಳುವುದು ಆಗ ಎಲ್ಲ ಕಡೆ ನಡೆಯುತ್ತಿತ್ತು. ಹೊಗಳಿಕೆಯ ಒಳಗೇ ಇದ್ದ ಅರ್ಥ: ಯೋಚಿಸುವ ಕೆಲಸ ನಿನಗಲ್ಲ. ನೋಡಿ, ಕೋಚ್‌ನ ಇದೇ ಅಧಿಕಾರದಿಂದಲೇ ಎಷ್ಟೋ ಹುಡುಗರ ದಾರಿ ಮುಚ್ಚಿತ್ತು. ಯಾರೂ ಕಾರಣ ಕೇಳುವಂತಿರಲಿಲ್ಲ. ಆಯ್ಕೆ ಕೋಚ್‌ದು, ಮುಗೀತು.

ಜೇಮ್ಸ್ ಅದೇ ಅಧಿಕಾರವನ್ನು ಬೇರೆ ರೀತಿ ಬಳಸಿದರು. ಶುರುವಿನ ವರ್ಷಗಳಲ್ಲಿ ತಂಡ ಸೋಲುತ್ತಿದ್ದಾಗ ಸ್ವಂತ ಊರಿನ ಪ್ರೇಕ್ಷಕರೇ ಮೂನ್‌ನನ್ನು ಕೂಗಿ ಅವಮಾನಿಸಿದರು. ಜೇಮ್ಸ್ ಅವನನ್ನು ತೆಗೆಯಲಿಲ್ಲ. ಮೂರನೆಯ ವರ್ಷ ತಂಡ ಸೀಸನ್ ಕೊನೆಯ ದೊಡ್ಡ ಪಂದ್ಯವಾದ ರೋಸ್ ಬೌಲ್‌ಗೆ ಹೋಯಿತು. 1978ರ ಜನವರಿಯಲ್ಲಿ ಮಿಷಿಗನ್ ತಂಡವನ್ನು 27-20ರಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ ಮೂನ್. ಆಮೇಲೂ ವೃತ್ತಿಪರ ಲೀಗಿನ ಯಾವ ತಂಡವೂ ಅವನನ್ನು, ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಅವನು ಕೆನಡಾಕ್ಕೆ ಹೋಗಿ ಆಡಿ ಗೆದ್ದು ವಾಪಸು ಬರಬೇಕಾಯಿತು. 2006ರಲ್ಲಿ ವೃತ್ತಿಪರ ಆಟದ ಮಹಾನ್ ಆಟಗಾರರ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಆ ಗೌರವ ಸಿಕ್ಕ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನೇ.

ಈಗ ಇದಕ್ಕೆ ಪೂರಾ ಉಲ್ಟಾ ಒಂದು ಉದಾಹರಣೆ. 2021ರ ಸೆಪ್ಟೆಂಬರ್, ಒಕ್ಲಹೋಮಾ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಸ್ಪೆನ್ಸರ್ ರ‍್ಯಾಟ್ಲರ್. ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಆ ವರ್ಷದ ಹೈಸ್‌ಮನ್ ಪ್ರಶಸ್ತಿ ಅವನಿಗೇ ಅಂತ ಸೀಸನ್ ಶುರುವಾಗುವ ಮುಂಚೆ ಮಾತಾಡಿಕೊಳ್ಳುತ್ತಿದ್ದರು. ವೆಸ್ಟ್ ವರ್ಜೀನಿಯಾ ವಿರುದ್ಧದ ಪಂದ್ಯದಲ್ಲಿ ತಂಡ ಮುಗ್ಗರಿಸುತ್ತಿತ್ತು. ಆಗ ಅವನದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಅವನ ಜೊತೆ ಕ್ಲಾಸಿನಲ್ಲಿ ಕೂರುವವರು, ಎದ್ದು ನಿಂತು ಕೂಗಿದರು: ನಮಗೆ ಕೇಲಬ್ ಬೇಕು! ಕೇಲಬ್ ವಿಲಿಯಮ್ಸ್ ಅಂದರೆ ಮೊದಲ ವರ್ಷದ ಹುಡುಗ, ಎರಡನೆಯವನು. ಆ ಪಂದ್ಯ ಒಕ್ಲಹೋಮಾ ಗೆದ್ದಿತು ಅನ್ನುವುದನ್ನು ಮರೆಯಬೇಡಿ, 16-13. ಗೆದ್ದರೂ ಕೂಗು.

ಕೋಚ್ ಲಿಂಕನ್ ರೈಲಿ ಅವತ್ತು ಕೇಳಿಸಿಕೊಳ್ಳಲಿಲ್ಲ. ಎರಡು ವಾರ ಕಳೆಯಿತು. ಡಲ್ಲಾಸ್‌ನಲ್ಲಿ ಟೆಕ್ಸಸ್ ವಿರುದ್ಧ ಆಟ. ತಂಡ 28-7ರಿಂದ ಹಿಂದೆ. ಒಂದು ಗಜ ಬೇಕಿದ್ದ ನಾಲ್ಕನೆಯ ಪ್ರಯತ್ನಕ್ಕೆ ವಿಲಿಯಮ್ಸ್‌ನನ್ನು ಕಳಿಸಿದರು. ಅವನು 66 ಗಜ ಓಡಿಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಜಾಗವೇ ಅವನದಾಯಿತು. ಕೊನೆಗೆ 55-48, ಒಕ್ಲಹೋಮಾ ಗೆಲುವು.

ಆಮೇಲಿನ ತಮಾಷೆ ಕೇಳಿ. ಮುಂದಿನ ಪಂದ್ಯಕ್ಕೆ ಯಾರು ಅಂತ ರೈಲಿ ಬಾಯಿ ಬಿಡಲಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯವರು ಸಾರ್ವಜನಿಕ ಕಟ್ಟಡವೊಂದರಿಂದ ಪ್ರಾಕ್ಟೀಸ್ ನೋಡಿದರು. ಮೊದಲ ತಂಡದ ಜೊತೆ ವಿಲಿಯಮ್ಸ್ ಆಡುತ್ತಿದ್ದಾನೆ ಅಂತ ಬರೆದರು. ಸಿಟ್ಟಿಗೆ ರೈಲಿ ಆ ವಾರ ಪತ್ರಕರ್ತರ ಜೊತೆಗಿನ ಮಾತುಕತೆಯನ್ನೇ ರದ್ದು ಮಾಡಿದರು. ಇಪ್ಪತ್ತು ವರ್ಷದ ಹುಡುಗಿಯರು ಹುಡುಗರು ನಡೆಸುವ ಪತ್ರಿಕೆಗೆ ಕೋಟಿಗಟ್ಟಲೆ ಸಂಬಳದ ಕೋಚ್ ಹೆದರಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಅದನ್ನು ಯಾಕೆ ಅಷ್ಟು ಮುಚ್ಚಿಡುತ್ತಾರೆ? ಎದುರಾಳಿಗೆ ಗೊತ್ತಾಗಬಾರದು ಅನ್ನುವುದು ಹೊರಗೆ ಹೇಳುವ ಕಾರಣ. ಅದು ಸುಳ್ಳೂ ಅಲ್ಲ, ಯಾಕೆಂದರೆ ಓಡುವ ಹುಡುಗನಿಗೆ ಹೂಡುವ ತಂತ್ರ ಬೇರೆ, ಎಸೆಯುವವನಿಗೆ ಬೇರೆ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಇನ್ನೊಂದು. ಹೆಸರು ಹೇಳಿದ ಕ್ಷಣ, ಹೇಳದ ಹೆಸರಿಗೂ ಸುದ್ದಿ ತಲುಪುತ್ತದೆ. ಅದಕ್ಕೇ ಅಲ್ಲಿ ಡೆಪ್ತ್ ಚಾರ್ಟ್ ಅಂತ ಒಂದು ಹಾಳೆ ಹೊರಡಿಸುತ್ತಾರೆ. ಪ್ರತಿ ಜಾಗಕ್ಕೆ ಮೊದಲು ಯಾರು, ಆಮೇಲೆ ಯಾರು ಅಂತ. ಕೋಚ್ ಬಾಯಿ ಬಿಡೋಕೆ ಇಷ್ಟವಿಲ್ಲದಿದ್ದರೆ ಎರಡು ಹೆಸರಿನ ಮಧ್ಯೆ ಒಂದು ಪುಟ್ಟ ಪದ ಹಾಕುತ್ತಾರೆ: "ಅಥವಾ". ಇವನು ಅಥವಾ ಅವನು. ಆಗಸ್ಟಿನಲ್ಲಿ ಆ ಊರುಗಳಲ್ಲಿ ಆ ಒಂದು "ಅಥವಾ" ಬಗ್ಗೆ ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಮಾತಾಡುತ್ತಾರೆ.

ಈ "ಅಥವಾ"ವನ್ನು ಎಳೆದೆಳೆದು ಇಟ್ಟುಕೊಂಡರೆ ಏನಾಗುತ್ತದೆ? 1999ರ ಮಿಷಿಗನ್ ನೋಡಿ. ಕೋಚ್ ಲಾಯ್ಡ್ ಕಾರ್. ಒಬ್ಬ ಕೊನೆಯ ವರ್ಷದವನು, ನಿಧಾನಿ, ಗಟ್ಟಿ ತಲೆಯವನು. ಇನ್ನೊಬ್ಬ ಡ್ರೂ ಹೆನ್ಸನ್, ಅದೇ ರಾಜ್ಯದ ಮನೆಮಗ, ಬೇಸ್‌ಬಾಲಿನಲ್ಲೂ ಪ್ರಸಿದ್ಧ, ಎಲ್ಲರಿಗೂ ಅವನ ಮೇಲೇ ಕಣ್ಣು. ಕಾರ್ ಒಂದು ಪದ್ಧತಿ ಮಾಡಿದರು. ಮೊದಲ ಕಾಲು ಭಾಗ ದೊಡ್ಡವನು, ಎರಡನೆಯದು ಹೆನ್ಸನ್, ವಿರಾಮದಲ್ಲಿ ನೋಡಿ ಉಳಿದರ್ಧಕ್ಕೆ ಒಬ್ಬನನ್ನು ಆರಿಸುವುದು. ಪ್ರತಿ ಶನಿವಾರ ಪರೀಕ್ಷೆ, ಅರ್ಧ ಗಂಟೆಯಲ್ಲಿ ಫಲಿತಾಂಶ! ಮಿಷಿಗನ್ ಸ್ಟೇಟ್ ವಿರುದ್ಧ ಹೆನ್ಸನ್‌ಗೆ ಕೊಟ್ಟರು, ತಂಡ ಹಿಂದೆ ಬಿತ್ತು. ಮತ್ತೆ ದೊಡ್ಡವನನ್ನು ಕರೆದರು. ಅವನು ಅಂತರ ಇಳಿಸಿದ, ಆದರೂ 34-31ರಲ್ಲಿ ಸೋಲು. ಸೀಸನ್ನಿನ ಕೊನೆಗೆ ಆರೆಂಜ್ ಬೌಲ್‌ನಲ್ಲಿ ಆ ದೊಡ್ಡವನೇ 369 ಗಜ ಎಸೆದು ಅಲಬಾಮಾವನ್ನು 35-34ರಲ್ಲಿ ಸೋಲಿಸಿದ.

ಅವನ ಹೆಸರು ಟಾಮ್ ಬ್ರೇಡಿ. ಕೆಲವರು ನಗುತ್ತಿದ್ದೀರಿ, ಗೊತ್ತಾಯಿತು ಅಂತ. ಹೌದು, ಆಮೇಲೆ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲನ್ನು ಏಳು ಸಲ ಗೆದ್ದ ಬ್ರೇಡಿ. 2000ದ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು 199ನೆಯದಾಗಿ. ಸ್ವಂತ ಕೋಚ್‌ಗೇ ಪೂರ್ತಿ ನಂಬಿಕೆ ಇಲ್ಲದವನನ್ನು ನಾವ್ಯಾಕೆ ನಂಬಬೇಕು ಅಂತ ವೃತ್ತಿಪರ ತಂಡಗಳು ಯೋಚಿಸಿರಬಹುದು. ನನಗೆ ಹಾಗನ್ನಿಸುತ್ತದೆ.

ಇದನ್ನು ಹೇಳಿದಾಗಲೆಲ್ಲ ಜನ ಕಾರ್ ಅವರನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಮುಂದೆ ಆಗುವುದೆಲ್ಲ ಗೊತ್ತಿದ್ದು ಬೈಯುವುದು ಸುಲಭ. ಅಲ್ಲದೆ ಬ್ರೇಡಿ ಒಮ್ಮೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ಯೋಚನೆ ಮಾಡಿದ್ದಾಗ, ಇಲ್ಲೇ ಇದ್ದು ಹೋರಾಡು ಅಂತ ಹೇಳಿದವರೂ ಇದೇ ಕಾರ್. ಬ್ರೇಡಿ ಉಳಿದ.

ಈಗ ನಾನು ಬಂದದ್ದು ಮುಖ್ಯ ವಿಷಯಕ್ಕೆ. ಬ್ರೇಡಿ ಉಳಿದ ಅಂದೆನಲ್ಲ, ಹೋಗಿದ್ದರೆ ಏನಾಗುತ್ತಿತ್ತು? ಆಗಿನ ನಿಯಮದ ಪ್ರಕಾರ ಒಂದು ದೊಡ್ಡ ತಂಡದಿಂದ ಇನ್ನೊಂದಕ್ಕೆ ಹೋದ ಹುಡುಗ ಒಂದು ವರ್ಷ ಆಡುವಂತಿರಲಿಲ್ಲ. ಬರೀ ಪ್ರಾಕ್ಟೀಸು. ಅದಕ್ಕೂ ಮುಂಚೆ, ಬೇರೆ ತಂಡದವರ ಜೊತೆ ಮಾತಾಡೋಕೂ ತನ್ನ ಹಳೆ ಕೋಚ್‌ನವರ ಒಪ್ಪಿಗೆ ಬೇಕಿತ್ತು. ಕೋಚ್‌ಗಳು ಇಂತಿಂಥ ವಿಶ್ವವಿದ್ಯಾಲಯಕ್ಕೆ ಹೋಗಬಾರದು ಅಂತ ಪಟ್ಟಿಯನ್ನೇ ಕೊಡುತ್ತಿದ್ದರು. ಕೋಚ್ ಮಾತ್ರ ಇವತ್ತು ಇಲ್ಲಿ, ನಾಳೆ ಜಾಸ್ತಿ ಸಂಬಳಕ್ಕೆ ಇನ್ನೊಂದು ಕಡೆ!

ನಾವು ಕೋಚ್‌ನ ಅಧಿಕಾರ ಅಂತ ಏನನ್ನು ಕರೆಯುತ್ತಿದ್ದೆವೋ ಅದರಲ್ಲಿ ಅರ್ಧ ಈ ಬೇಲಿಯದು. ಒಬ್ಬನನ್ನು ಆರಿಸುವುದು ಒಂದು ನಿಮಿಷದ ಕೆಲಸ. ಆರಿಸದವನು ಸಿಟ್ಟು ನುಂಗಿಕೊಂಡು ಸೋಮವಾರ ಮತ್ತೆ ಪ್ರಾಕ್ಟೀಸಿಗೆ ಬರುತ್ತಿದ್ದ. ಕೋಚ್ ಮೇಲಿನ ಗೌರವಕ್ಕೆ ಬರುತ್ತಿದ್ದನೋ, ಬೇರೆ ದಾರಿ ಇಲ್ಲದೆ ಬರುತ್ತಿದ್ದನೋ, ಬೇಲಿ ಇರುವವರೆಗೆ ಕೇಳುವ ಅಗತ್ಯವೇ ಬೀಳಲಿಲ್ಲ.

2018ರಲ್ಲಿ ಬೇಲಿ ಸಡಿಲವಾಯಿತು. ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಹುಡುಗ ಹೋಗುತ್ತೇನೆ ಅಂತ ತಿಳಿಸಿದರೆ ಸಾಕು, ಅವನ ಹೆಸರು ಪಟ್ಟಿಗೆ ಹಾಕಬೇಕು. ಒಪ್ಪಿಗೆಯ ಮಾತಿಲ್ಲ. ಅದೇ ವರ್ಷ ಇನ್ನೊಂದು ನಿಯಮ. ಒಬ್ಬ ಹುಡುಗ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ಅವನಿಗೆ ಆಡೋಕೆ ಇರುವ ವರ್ಷಗಳ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಹೊಸಬರಿಗೆ ಸ್ವಲ್ಪ ಆಡೋಕೆ ಸಿಗಲಿ ಅನ್ನುವ ಒಳ್ಳೆಯ ಉದ್ದೇಶ. ಆದರೆ ಹುಡುಗರು ಲೆಕ್ಕದಲ್ಲಿ ದಡ್ಡರಲ್ಲ.

ಕ್ಲೆಮ್ಸನ್ ವಿಶ್ವವಿದ್ಯಾಲಯ, ದಕ್ಷಿಣ ಕ್ಯಾರೊಲಿನಾ. ಕೋಚ್ ಡಾಬೊ ಸ್ವಿನಿ. ಕ್ವಾರ್ಟರ್‌ಬ್ಯಾಕ್ ಕೆಲಿ ಬ್ರಯಂಟ್, ಹಿಂದಿನ ವರ್ಷ ತಂಡವನ್ನು ಪ್ಲೇಆಫ್‌ಗೆ ಕರೆದೊಯ್ದವನು. 2018ರ ಮೊದಲ ನಾಲ್ಕು ಪಂದ್ಯಗಳಲ್ಲೂ ಗೆಲುವು. ಆದರೆ ಟ್ರೆವರ್ ಲಾರೆನ್ಸ್ ಎಂಬ ಉದ್ದ ಕೂದಲಿನ ಮೊದಲ ವರ್ಷದವನು ಇನ್ನೂ ಚೆನ್ನಾಗಿ ಆಡುತ್ತಿದ್ದ. ಸೆಪ್ಟೆಂಬರ್ 24ರ ಸೋಮವಾರ ಸ್ವಿನಿ ಹೇಳಿದರು: ಇನ್ನು ಮುಂದೆ ಲಾರೆನ್ಸ್. ಬುಧವಾರ ಬ್ರಯಂಟ್ ತಂಡ ಬಿಟ್ಟ. ನಾಲ್ಕು ಪಂದ್ಯ, ಗೆರೆ ಮೇಲೇ ನಿಂತಿದ್ದ. ಮೂರು ದಿನ ತಡೆದು ಐದನೆಯದನ್ನು ಆಡಿದ್ದರೆ ಆ ವರ್ಷ ಖರ್ಚಾಗಿಹೋಗುತ್ತಿತ್ತು.

ಶನಿವಾರ ಸಿರಾಕ್ಯೂಸ್ ಜೊತೆ ಆಟ. ಎರಡನೆಯ ಕಾಲು ಭಾಗದಲ್ಲಿ ಲಾರೆನ್ಸ್‌ಗೆ ಪೆಟ್ಟು ಬಿತ್ತು, ಹೊರಗೆ ಹೋದ. ಬ್ರಯಂಟ್ ಇಲ್ಲ. ಅವನಿಗೂ ಮುಂಚೆ ಇನ್ನಿಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಕಡೆ ಹೋಗಿಯಾಗಿತ್ತು. ಉಳಿದವನು ಚೇಸ್ ಬ್ರೈಸ್, ಹೊರಗಿನವರಿಗೆ ಹೆಸರೂ ಗೊತ್ತಿಲ್ಲದ ಹುಡುಗ. ಆಟದ ಕೊನೆಗೆ ತಂಡ ಹಿಂದೆ, 94 ಗಜ ಹೋಗಬೇಕು. ನಾಲ್ಕನೆಯ ಪ್ರಯತ್ನ, ಆರು ಗಜ ಬೇಕು. ಎಸೆದ, ಹಿಡಿದರು. 41 ಸೆಕೆಂಡ್ ಉಳಿದಿದ್ದಾಗ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು, ಅಂದರೆ ಟಚ್‌ಡೌನ್. 27-23. ಆ ವರ್ಷ ಕ್ಲೆಮ್ಸನ್ 15 ಪಂದ್ಯ ಆಡಿ ಹದಿನೈದೂ ಗೆದ್ದಿತು. ಫೈನಲ್‌ನಲ್ಲಿ ಅಲಬಾಮಾವನ್ನು 44-16ರಿಂದ ಬಗ್ಗುಬಡಿಯಿತು. ಬ್ರಯಂಟ್ ಮಿಜೂರಿಗೆ ಹೋದ.

ಸ್ವಿನಿ ಅವರ ಆಯ್ಕೆ ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಬ್ರಯಂಟ್ ಮಾಡಿದ್ದೂ ನನಗೆ ತಪ್ಪು ಅನ್ನಿಸುವುದಿಲ್ಲ. ತನಗೆ ಉಳಿದಿದ್ದ ಒಂದೇ ಒಂದು ವರ್ಷ, ಅದನ್ನು ಬೆಂಚಿನ ಮೇಲೆ ಕಳೆ ಅಂತ ಹೇಳೋಕೆ ನಾವ್ಯಾರು?

ಇನ್ನೊಂದು ಚಿಕ್ಕದು, ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ಮಿಷಿಗನ್ ಕೋಚ್ ಜಿಮ್ ಹಾರ್ಬೊ ಮೊದಲ ಪಂದ್ಯ ಕೇಡ್ ಮ್ಯಾಕ್‌ನಮಾರಾಗೆ, ಎರಡನೆಯದು ಜೆ.ಜೆ. ಮ್ಯಾಕಾರ್ಥಿಗೆ ಅಂತ ಮೊದಲೇ ಹಂಚಿದರು. ಬೈಬಲ್ಲಿನ ಸಾಲೊಮನ್ ರಾಜನ ವಿವೇಕವನ್ನೂ ನೆನೆದರು. ಎರಡನೆಯ ಪಂದ್ಯದಲ್ಲಿ ಮ್ಯಾಕಾರ್ಥಿ 12 ಪಾಸಿಗೆ 11 ಸರಿಯಾಗಿ ಎಸೆದ, ಅಲ್ಲಿಗೆ ತೀರ್ಪು ಆಯಿತು. ಮ್ಯಾಕ್‌ನಮಾರಾ ಹಿಂದಿನ ವರ್ಷ ಅಯೋವಾ ತಂಡವನ್ನು 42-3ರಿಂದ ಸೋಲಿಸಿ ಲೀಗ್ ಗೆದ್ದುಕೊಟ್ಟವನು. ಆಮೇಲೆ ಹೋಗಿ ಸೇರಿದ್ದು ಎಲ್ಲಿಗೆ ಗೊತ್ತಾ? ಅದೇ ಅಯೋವಾಕ್ಕೆ.

ಬೇಲಿ ಹೋದ ಮೇಲೆ ದುಡ್ಡು ಬಂತು. 2021ರ ಏಪ್ರಿಲ್‌ನಲ್ಲಿ ಒಂದು ಸಲ ತಂಡ ಬದಲಿಸಿದರೆ ಕೂಡಲೇ ಆಡಬಹುದು ಅಂತ ಮಾಡಿದರು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಅಂತಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು. ಎಲ್ಲ ಕ್ರೀಡೆಗಳೂ ಸೇರಿ ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ದೊಡ್ಡ ಪಾಲು ಯಾರಿಗೆ ಹೋಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈಗ ಅಧಿಕಾರ ಎರಡೂ ಕಡೆಯಿಂದ ನಡೆಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ತಂಡ ಮೂರಕ್ಕೆ ಮೂರು ಗೆದ್ದಿತ್ತು. ಅದರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ತನಗೆ ಕೊಟ್ಟ ಮಾತು ನಡೆಸಲಿಲ್ಲ ಎಂದು ಹೇಳಿ ಸೀಸನ್ ನಡುವೆಯೇ ಆಡುವುದನ್ನು ನಿಲ್ಲಿಸಿಬಿಟ್ಟ. ವಿಶ್ವವಿದ್ಯಾಲಯ ಅದನ್ನು ಒಪ್ಪಲಿಲ್ಲ. ಮುಂದಿನ ಪಂದ್ಯದಲ್ಲಿ ಎರಡನೆಯವನು ಬಂದ, 59-14ರಲ್ಲಿ ಗೆಲುವು! 2025ರ ಏಪ್ರಿಲ್‌ನಲ್ಲಿ ಟೆನೆಸಿಯಲ್ಲಿ ಇನ್ನೂ ದೊಡ್ಡದು. ನೀಕೊ ಯಾಮಾಲೆಯಾವಾ ಹಿಂದಿನ ಸೀಸನ್ನಿನಲ್ಲಿ ತಂಡಕ್ಕೆ ಹತ್ತು ಗೆಲುವು ತಂದವನು. ದುಡ್ಡಿನ ಮಾತುಕತೆ ನಡೆಯುತ್ತಿದೆ ಎಂಬ ಸುದ್ದಿಯ ಮಧ್ಯೆ ಶುಕ್ರವಾರದ ಪ್ರಾಕ್ಟೀಸಿಗೆ ಬರಲಿಲ್ಲ. ಕೋಚ್ ಜಾಶ್ ಹೈಪಲ್ ಶನಿವಾರವೇ, ಇನ್ನು ಅವನಿಲ್ಲದೆ ಮುಂದೆ ಹೋಗುತ್ತೇವೆ ಅಂದರು. ಯಾರನ್ನು ಆಡಿಸಬೇಕು ಅನ್ನುವ ಹಳೆಯ ಅಧಿಕಾರವನ್ನು ಅವರು ಅವತ್ತು ಚಲಾಯಿಸಿದ್ದು ಹಾಗೆ. ಆದರೆ ಉಳಿದ ಕ್ವಾರ್ಟರ್‌ಬ್ಯಾಕ್‌ಗಳು ಅನುಭವವಿಲ್ಲದ ಹುಡುಗರು. ನೀಕೊ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯ ಸೇರಿದ. ಅಲ್ಲಿಗೆ ಅದೇ ತಾನೇ ಬಂದಿದ್ದ ಜೋಯಿ ಅಗಿಲಾರ್ ಟೆನೆಸಿಗೆ ಬಂದ. ಒಂಥರಾ ಸಾಟಿ ವ್ಯಾಪಾರ.

ಇದನ್ನೆಲ್ಲ ಕೇಳಿ ಹಿಂದಿನ ಸಾಲಿನಿಂದ ಒಬ್ಬರು ಆಗಲೇ ಕೈ ಎತ್ತಿದ್ದಾರೆ. "ಹಾಗಾದ್ರೆ ಆ ಹರ್ಟ್ಸ್ ಏನಾದ ಸರ್? ಅವನೂ ಬಿಟ್ಟುಹೋದನಾ?" ಒಳ್ಳೆಯದಾಯಿತು, ನಾನೂ ಅಲ್ಲಿಗೇ ಬರುತ್ತಿದ್ದೆ.

ಜನವರಿ 8ರ ರಾತ್ರಿ ಟುವಾ ಮೂರು ಟಚ್‌ಡೌನ್ ಎಸೆದ. ಆಟ ಸಮನಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಜಾರ್ಜಿಯಾ ಮೂರು ಪಾಯಿಂಟ್ ಮುಂದೆ. ಟುವಾನನ್ನು ಮೊದಲ ಪ್ರಯತ್ನದಲ್ಲೇ 16 ಗಜ ಹಿಂದೆ ಕೆಡವಿದರು. ಸೇಬನ್ ಅವರ ಮುಖ ನೋಡಬೇಕಿತ್ತು! ಮುಂದಿನ ಎಸೆತ 41 ಗಜ, ಡೆವಾಂಟಾ ಸ್ಮಿತ್ ಕೈಗೆ. 26-23, ಆಟ ಮುಗಿಯಿತು. ಕುಣಿಯುತ್ತಿದ್ದವರಲ್ಲಿ ಹರ್ಟ್ಸ್ ಕೂಡ ಇದ್ದ.

ಆಮೇಲಿನ ಎಂಟು ತಿಂಗಳು ಹರ್ಟ್ಸ್ ಏನು ಮಾಡುತ್ತಾನೆ ಅಂತ ಇಡೀ ರಾಜ್ಯ ಕಾದಿತ್ತು. ಆಗಸ್ಟಿನಲ್ಲಿ ಅವನು ಪತ್ರಕರ್ತರ ಮುಂದೆ ಮನಸ್ಸು ಬಿಚ್ಚಿದ. ಇಷ್ಟು ದಿನ ಕೋಚ್‌ಗಳಲ್ಲಿ ಯಾರೂ ನನಗೆ ಏನನ್ನಿಸುತ್ತಿದೆ ಅಂತ ಕೇಳಲಿಲ್ಲ, ಎನ್ನುವುದು ಅವನ ಮಾತಿನ ತಿರುಳು. ಸೀಸನ್ನಿನ ಮೊದಲ ಪಂದ್ಯ ಮುಗಿದಾಗ ಟಿ.ವಿ. ವರದಿಗಾರ್ತಿ ಇಬ್ಬರ ಬಗ್ಗೆ ಕೇಳಿದ್ದಕ್ಕೆ ಸೇಬನ್ ಮೈದಾನದಲ್ಲೇ ಸಿಡುಕಿದರು. ಒಬ್ಬನಿಗೆ ಅಗೌರವ ಆಗುವ ಮಾತನ್ನು ನನ್ನ ಬಾಯಿಂದ ಹೊರಡಿಸಬೇಡಿ ಅನ್ನುವ ಅರ್ಥದಲ್ಲಿ. ಆಮೇಲೆ ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಸಿಡುಕು ತಪ್ಪು, ಸರಿ. ಆದರೆ ಆ ಸಿಡುಕಿನಲ್ಲಿ ನನಗೆ ಆ ಮನುಷ್ಯನ ಭಯ ಕಾಣಿಸುತ್ತದೆ.

ಹರ್ಟ್ಸ್‌ಗೂ ನಾಲ್ಕು ಪಂದ್ಯದ ಲೆಕ್ಕ ಗೊತ್ತಿತ್ತು. ಅವನು ಐದನೆಯದನ್ನೂ ಆಡಿದ. ಬ್ರಯಂಟ್ ಬಿಟ್ಟುಹೋದ ಅದೇ ವಾರದ ಕೊನೆಗೆ! ಆಮೇಲೆ ಬಂತು ಡಿಸೆಂಬರ್ 1. ಮತ್ತೆ ಅಟ್ಲಾಂಟಾ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ. ಕೊನೆಯ ಕಾಲು ಭಾಗದಲ್ಲಿ ಟುವಾ ಕಾಲಿಗೆ ಪೆಟ್ಟಾಯಿತು. ಅಲಬಾಮಾ 28-21ರಿಂದ ಹಿಂದೆ. ಹರ್ಟ್ಸ್ ಟೋಪಿ ತೆಗೆದು ಹೆಲ್ಮೆಟ್ ಹಾಕಿಕೊಂಡ. ಒಂದು ಟಚ್‌ಡೌನ್ ಎಸೆದು ಸಮ ಮಾಡಿದ. ಒಂದು ನಿಮಿಷ ನಾಲ್ಕು ಸೆಕೆಂಡ್ ಇದ್ದಾಗ ತಾನೇ 15 ಗಜ ಓಡಿ ಇನ್ನೊಂದು ಗಳಿಸಿದ. 35-28. ಆಟ ಮುಗಿದ ಮೇಲೆ ಅವನ ಬಗ್ಗೆ ಮಾತಾಡುತ್ತಾ ಸೇಬನ್ ಗಂಟಲು ಕಟ್ಟಿತು.

ಹರ್ಟ್ಸ್ ಅದೇ ಡಿಸೆಂಬರ್‌ನಲ್ಲಿ ಪದವಿ ಮುಗಿಸಿದ. ಪದವಿ ಆದವರಿಗೆ ಆಗಲೂ ಒಂದು ವರ್ಷ ಕೂರುವ ನಿಯಮ ಇರಲಿಲ್ಲ. ಒಕ್ಲಹೋಮಾಕ್ಕೆ ಹೋದ, ಮುಂದಿನ ವರ್ಷ ಹೈಸ್‌ಮನ್ ಮತದಾನದಲ್ಲಿ ಎರಡನೆಯವನಾದ. 2025ರ ಸೂಪರ್ ಬೌಲ್ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಅವನೇ.

"ಇವತ್ತಿನ ನಿಯಮ ಇದ್ದಿದ್ದರೆ ಅವನು ಆ ಒಂದು ವರ್ಷ ಉಳಿಯುತ್ತಿದ್ದನಾ?" ಅಂತ ಈಗ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಇಲ್ಲ ಅಂತಲೇ ನನ್ನ ಊಹೆ. ಆ ಜನವರಿಯಲ್ಲೇ ಹೊರಟಿರುತ್ತಿದ್ದ. ದುಡ್ಡು ಕೊಡುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಹಾಗಾಗಿದ್ದರೆ ಡಿಸೆಂಬರ್ 1ರಂದು ಟುವಾ ಕುಂಟುತ್ತಾ ಹೊರಬಂದಾಗ ಸೇಬನ್ ಯಾರನ್ನು ಕರೆಯುತ್ತಿದ್ದರು? ಅವತ್ತು ಅಲ್ಲಿ ಮೂರನೆಯವನೊಬ್ಬ ನಿಂತಿದ್ದ. ಇಬ್ಬರ ಜಗಳದ ಬಗ್ಗೆ ಇಡೀ ದೇಶ ಮಾತಾಡುತ್ತಿದ್ದಾಗ ಅವನನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಮ್ಯಾಕ್ ಜೋನ್ಸ್ ಅಂತ. 2017ರಲ್ಲಿ ಸೇರಿದವನು ಇಬ್ಬರ ಹಿಂದೆ ಕಾದ. 2019ರ ನವೆಂಬರ್‌ನಲ್ಲಿ ಟುವಾ ಸೊಂಟಕ್ಕೆ ಪೆಟ್ಟಾದಾಗ ಜಾಗ ಸಿಕ್ಕಿತು. 2020ರ ಸೀಸನ್ನಿನಲ್ಲಿ ಹದಿಮೂರಕ್ಕೆ ಹದಿಮೂರೂ ಗೆದ್ದು, ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ತಂಡವನ್ನು 52-24ರಿಂದ ಸೋಲಿಸಿದ.

ಅಮ್ಮಾ, ಮಗಳು ಈ ಶನಿವಾರ ಆಟಕ್ಕೆ ಹೋದರೆ ಒಂದು ಕೆಲಸ ಹೇಳಿ. ಎಲ್ಲರೂ ಚೆಂಡು ನೋಡುವಾಗ ಅವಳು ಒಂದು ಸಲ ಗೆರೆಯಾಚೆ ನೋಡಲಿ. ಟೋಪಿ ಹಾಕಿಕೊಂಡು, ಒಳಗಿರುವವನಿಗೆ ಕೈಸನ್ನೆ ಮಾಡುತ್ತಾ ಒಬ್ಬ ನಿಂತಿರುತ್ತಾನೆ. ಮುಂದಿನ ವರ್ಷ ಅವನು ಎಲ್ಲಿರುತ್ತಾನೆ ಅಂತ ಪಕ್ಕದವರನ್ನು ಕೇಳಲಿ. ಆಟ ಮುಗಿಯುವವರೆಗೂ ಮಾತು ನಿಲ್ಲುವುದಿಲ್ಲ.